ವೆರ್ದಿಯ ಸೋತ ಕಾಮಿಡಿ: ಹಳೆ ಮೋನೊ ರೆಕಾರ್ಡಿನಲ್ಲಿ ಅದನ್ನು ಕೇಳುವ ಬಗೆ

ಈ ಒಪೆರಾವನ್ನು ಮೊದಲಿಂದ ಕೇಳಲು ಹೋಗಬೇಡಿ. ನಡುವಿನಿಂದ ಶುರು ಮಾಡಿ. ಇಬ್ಬರು ಮುದುಕರು ಜಗಳ ಆಡುವ ಜಾಗ ಹುಡುಕಿ, ಅಲ್ಲಿ ಸೂಜಿ ಇಳಿಸಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಹೇಳುತ್ತಿರುವುದು ಇಟಲಿಯ ಸಂಗೀತಗಾರ ಜುಸೆಪ್ಪೆ ವೆರ್ದಿಯ ಎರಡನೇ ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ, ‘ಉನ್ ಜೋರ್ನೊ ದಿ ರೇನ್ಯೊ’ ಬಗ್ಗೆ. ‘ಒಂದು ದಿನದ ದೊರೆತನ’ ಅಂದುಕೊಳ್ಳಿ. 1840ರ ಸೆಪ್ಟೆಂಬರ್ 5ರಂದು ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಮೊದಲ ಸಲ ಆಡಿದರು. ಆ ಸೀಸನ್‌ನಲ್ಲಿ ಅದೇ ಕೊನೆ ಸಲವೂ ಆಯಿತು. ಜನ ಕೂಗಿ ಗಲಾಟೆ ಮಾಡಿದರು, ರಂಗಮಂದಿರದವರು ಮುಂದಿನ ಪ್ರದರ್ಶನಗಳನ್ನೆಲ್ಲ ರದ್ದು ಮಾಡಿ, ವೆರ್ದಿಯ ಮೊದಲ ಒಪೆರಾ ‘ಒಬೆರ್ತೊ’ವನ್ನೇ ಮತ್ತೆ ಹಾಕಿದರು. ಆಗ ವೆರ್ದಿಗೆ ಇನ್ನೂ 27 ತುಂಬಿರಲಿಲ್ಲ. ಆಮೇಲೆ ಅವರು ಇನ್ನೊಂದು ಕಾಮಿಡಿ ಮುಟ್ಟಿದ್ದು 1893ರಲ್ಲಿ, ‘ಫಾಲ್‌ಸ್ಟಾಫ್’. ನಡುವೆ 53 ವರ್ಷ!

ಇದರ ಹಳೆಯ ಮುದ್ರಣ 1951ರದು. ವೆರ್ದಿ ತೀರಿಕೊಂಡದ್ದು 1901ರ ಜನವರಿ 27ಕ್ಕೆ. ಐವತ್ತು ವರ್ಷ ಆಯಿತು ಅಂತ ಇಟಲಿಯ ರೇಡಿಯೊ ಸಂಸ್ಥೆ ರಾಯ್ ಅವರ ಒಪೆರಾಗಳನ್ನು ಸಾಲಾಗಿ ಹಾಡಿಸಿ ಪ್ರಸಾರ ಮಾಡಿತು. ಯಾರೂ ಕೇಳದ ಹಳೆಯವನ್ನೂ ಬಿಡಲಿಲ್ಲ. ಈ ಒಪೆರಾವನ್ನು ನಡೆಸಿದವರು ಆಲ್ಫ್ರೇಡೊ ಸಿಮೊನೆತ್ತೊ, ಮಿಲಾನಿನ ರೇಡಿಯೊ ವಾದ್ಯವೃಂದ ಮತ್ತು ಕೋರಸ್ ಜೊತೆ. ಅದೇ ವರ್ಷ ಅವರೇ ಹಾಡುಗಾರ್ತಿ ತೆಬಾಲ್ದಿಯನ್ನು ಇಟ್ಟುಕೊಂಡು ವೆರ್ದಿಯ ಇನ್ನೊಂದು ಒಪೆರಾ ‘ಜೊವಾನ್ನಾ ದಾರ್ಕೊ’ ಕೂಡ ಮಾಡಿದರು. ರೆಕಾರ್ಡ್ ಹೊರತಂದದ್ದು ಚೇತ್ರಾ ಕಂಪನಿ.

ನಾನು ಆಕಾಶವಾಣಿಯ ಕಂಟ್ರೋಲ್ ರೂಮಿನಲ್ಲಿ ಕೂತು ನಿವೃತ್ತನಾದವನು. ನನಗೆ ಇಟಾಲಿಯನ್ ಬರುವುದಿಲ್ಲ. ಸಂಗೀತದ ಪಾಠವೂ ಆಗಿಲ್ಲ. ಆದರೆ ಮೈಕಿನ ಮುಂದೆ ಮನುಷ್ಯ ಹೇಗೆ ಮಾತಾಡುತ್ತಾನೆ ಅನ್ನುವುದು ಗೊತ್ತು. ಅದಕ್ಕೇ ಈ ರೆಕಾರ್ಡ್ ನನಗೆ ಹಿಡಿಸಿದ್ದು. ಇದನ್ನು ಮಾಡಿದವರು ರೇಡಿಯೊದವರು. ವೇದಿಕೆ ಇಲ್ಲ, ವೇಷ ಇಲ್ಲ, ಮನೆಯಲ್ಲಿ ಕೂತವರಿಗೆ ಮಾತು ಮುಟ್ಟಬೇಕು ಅಷ್ಟೆ. ಹಾಗಾಗಿ ದನಿಗಳು ಮುಂದೆ, ವಾದ್ಯಗಳು ಹಿಂದೆ. ನೀವೂ ಇದನ್ನು ರೇಡಿಯೊ ನಾಟಕ ಕೇಳುವ ಹಾಗೆ ಕೇಳಿ. ಮುಂದೆ ಹೇಳುವುದೆಲ್ಲ ಅದಕ್ಕೆ ಬೇಕಾದ ತಯಾರಿ.

ಯಾವ ಪ್ರತಿ ತರಬೇಕು

ನನ್ನ ಹತ್ತಿರ ಇರುವುದು ಹಳೆ ಎಲ್‌ಪಿ ಸೆಟ್. ಮಿಲಾನಿಗೆ ಕೆಲಸದ ಮೇಲೆ ಹೋಗಿದ್ದ ಅಳಿಯ ಹಳೆ ಸಾಮಾನಿನ ಸಂತೆಯಲ್ಲಿ ಹುಡುಕಿ ತಂದುಕೊಟ್ಟದ್ದು. ಎಲ್‌ಪಿಯೇ ಬೇಕು ಅಂತ ಹಠ ಬೇಡ. ಸಿ.ಡಿ.ಯಲ್ಲೂ ಬಂದಿದೆ, ಅಂತರ್ಜಾಲದಲ್ಲೂ ಸಿಗುತ್ತದೆ. ನಮ್ಮ ದೇಶದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಅದು ಮುಗಿದು ಸುಮಾರು ಕಾಲ ಆಯಿತು. ಹಾಗಾಗಿ ಬೇರೆ ಬೇರೆ ಜನ ಬೇರೆ ಬೇರೆ ರೀತಿ ಇಳಿಸಿ ಹಾಕಿರುತ್ತಾರೆ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ.

ಹುಡುಕುವಾಗ ಎರಡು ಹೆಸರಿನಲ್ಲೂ ಹುಡುಕಿ. ಈ ಒಪೆರಾಗೆ ‘ಇಲ್ ಫಿಂತೊ ಸ್ತನಿಸ್ಲಾವೊ’ ಅಂತ ಇನ್ನೊಂದು ಹೆಸರಿದೆ. ಜೊತೆಗೆ ಸಿಮೊನೆತ್ತೊ ಅಥವಾ ಹಾಡುಗಾರ್ತಿ ಪಲ್ಯೂಗಿ ಅಂತ ಸೇರಿಸಿ. ಇಲ್ಲದಿದ್ದರೆ 1973ರ ಫಿಲಿಪ್ಸ್ ಮುದ್ರಣ ಮೊದಲು ಬಂದು ಕೂರುತ್ತದೆ. ಅದೂ ಚೆನ್ನಾಗಿದೆ, ಅದರ ಸರದಿ ಆಮೇಲೆ.

ಎರಡು ಮೂರು ಪ್ರತಿ ಸಿಕ್ಕರೆ ಎಲ್ಲದರಲ್ಲೂ ಒಂದೇ ಜಾಗದ ಅರ್ಧ ನಿಮಿಷ ಕೇಳಿ. ಗಂಡಸರು ಬೇಗ ಬೇಗ ಹಾಡುವ ಜಾಗ ಆರಿಸಿ. ‘ತ’, ‘ಕ’, ‘ಚ’ ಅಕ್ಷರಗಳು ಕಿವಿಗೆ ತಾಗುತ್ತವೆಯಾ ನೋಡಿ. ಸರಸರ ಸದ್ದು ಇದ್ದರೂ ಪರವಾಗಿಲ್ಲ, ಅಕ್ಷರ ಬೇಕು. ಕೆಲವರು ಕಂಪ್ಯೂಟರಿನಲ್ಲಿ ಸರಸರ ಸದ್ದೆಲ್ಲ ತೆಗೆದು ಹೊಳಪು ಕೊಟ್ಟಿರುತ್ತಾರೆ. ಜಾಸ್ತಿ ಪಾಲಿಶ್ ಮಾಡಿದ ಅಕ್ಕಿಯ ಹಾಗೆ, ನೋಡಲು ಬೆಳ್ಳಗೆ, ರುಚಿ ಹೊಟ್ಟಿನ ಜೊತೆ ಹೋಯಿತು. ಅಂಥದ್ದನ್ನು ಬಿಟ್ಟುಬಿಡಿ.

ಇನ್ನೊಂದು ಎಚ್ಚರಿಕೆ. 60ರ ದಶಕದಲ್ಲಿ ಸ್ಟೀರಿಯೊ ಹುಚ್ಚು ಹಿಡಿದಾಗ, ಎಡ ಬಲ ಅಂತ ಬೇರೆ ಬೇರೆ ಸದ್ದು ಇಲ್ಲದ ಹಳೆ ಮೋನೊ ಮುದ್ರಣಗಳನ್ನು ಸುಳ್ಳು ಸ್ಟೀರಿಯೊ ಮಾಡಿ ಮಾರಿದರು. ತಗ್ಗಿನ ಸದ್ದು ಒಂದು ಕಡೆ, ಮೇಲಿನ ಸದ್ದು ಇನ್ನೊಂದು ಕಡೆ. ಬಾತ್‌ರೂಮಿನಲ್ಲಿ ಹಾಡಿಸಿದರೇನೋ ಅನ್ನಿಸುತ್ತದೆ. ಹೊದಿಕೆಯ ಮೇಲೆ ‘ಸ್ಟೀರಿಯೊಗೆ ಮಾರ್ಪಡಿಸಿದ್ದು’ ಅಂತ ಅರ್ಥ ಬರುವ ಮಾತು ಇದ್ದರೆ ಹಣ ಕೊಡಬೇಡಿ.

ಸದ್ದು ಸರಿ ಮಾಡಿಕೊಳ್ಳುವುದು

ಎಲ್‌ಪಿ ಇಲ್ಲದವರು ಈ ಭಾಗದ ಅರ್ಧ ಹಾರಿಸಬಹುದು.

ಮೋನೊ ರೆಕಾರ್ಡಿನ ಗ್ರೂವ್, ಅಂದರೆ ಸೂಜಿ ಓಡುವ ಗೀಟು, ಪಕ್ಕಕ್ಕೆ ಮಾತ್ರ ಓಲಾಡುತ್ತದೆ. ಮೇಲೆ ಕೆಳಗೆ ಅಲುಗಾಟದಲ್ಲಿ ಸಂಗೀತ ಇಲ್ಲ, ಬರೀ ಧೂಳು ಮತ್ತು ಗೀರು. ಇವತ್ತಿನ ಸ್ಟೀರಿಯೊ ಕಾರ್ಟ್ರಿಜ್ (ಸೂಜಿ ಕೂರುವ ಭಾಗ) ಎರಡನ್ನೂ ಹಿಡಿಯುತ್ತದೆ. ಆಂಪ್ಲಿಫೈಯರಿನಲ್ಲಿ ಮೋನೊ ಬಟನ್ ಇದ್ದರೆ ಒತ್ತಿ. ಎಡ ಬಲ ಎರಡೂ ಸೇರಿದಾಗ ಮೇಲೆ ಕೆಳಗಿನ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ. ಚಟಪಟ ಅರ್ಧಕ್ಕರ್ಧ ಇಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲ. ಆದರೂ ಎಷ್ಟೋ ಜನ ಈ ಬಟನ್ ಒತ್ತುವುದೇ ಇಲ್ಲ, ನೋಡಿ.

ಸೂಜಿಯ ತುದಿಯ ಅಳತೆಯೂ ಮುಖ್ಯ. ಆ ಕಾಲದ ಮೋನೊ ಎಲ್‌ಪಿಗೆ 25 ಮೈಕ್ರಾನಿನ ತುದಿ. ಸ್ಟೀರಿಯೊಗೆ ಬರುವುದು ಸುಮಾರು 18. ಸಣ್ಣ ತುದಿ ಗ್ರೂವಿನ ಇನ್ನೂ ಕೆಳಗೆ ಇಳಿದು ಕಸ ಕೆದಕುತ್ತದೆ. ಅದರಲ್ಲೂ ಕೇಳಬಹುದು, ರೆಕಾರ್ಡಿಗೆ ಹಾನಿ ಇಲ್ಲ. ಹಳೆ ರೆಕಾರ್ಡ್ ತುಂಬ ಇದ್ದವರು ಮಾತ್ರ ಮೋನೊ ಸೂಜಿ ಕೊಳ್ಳಲಿ. 78 ವೇಗದ ತಟ್ಟೆಗಳ ಸೂಜಿ ಮಾತ್ರ ಇದಕ್ಕೆ ಬೇಡವೇ ಬೇಡ. ಅದು 75 ಮೈಕ್ರಾನ್, ಗ್ರೂವಿನೊಳಗೆ ಕೂರುವುದೇ ಇಲ್ಲ.

ವೇಗ ನೋಡಿಕೊಳ್ಳಿ. ಹಳೆ ಟರ್ನ್‌ಟೇಬಲ್‌ಗಳ ಬೆಲ್ಟ್ ಸಡಿಲಾಗಿ ನಿಧಾನ ಓಡುತ್ತವೆ. ಆಗ ಹೆಂಗಸರ ದನಿಗೆ ವಯಸ್ಸಾಗುತ್ತದೆ. ಸ್ಟ್ರೋಬ್ ಕಾಗದ ಸಿಗುತ್ತದೆ. ತಿರುಗುವ ತಟ್ಟೆಯ ಮೇಲೆ ಇಟ್ಟಾಗ, ವೇಗ ಸರಿಯಿದ್ದರೆ ಕರೆಂಟಿನ ಬೆಳಕಿನಲ್ಲಿ ಅದರ ಗೆರೆಗಳು ನಿಂತ ಹಾಗೆ ಕಾಣುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ 33⅓ ವೇಗದಲ್ಲಿ 180 ಗೆರೆ ಇರುವ ಕಾಗದ ಬೇಕು. ಅಮೆರಿಕದ್ದು 216 ಗೆರೆಯದು, ಇಲ್ಲಿ ಉಪಯೋಗಕ್ಕೆ ಬಾರದು. ಎಷ್ಟೋ ಎಲ್ಇಡಿ ಬಲ್ಬುಗಳ ಬೆಳಕಿನಲ್ಲಿ ಗೆರೆ ನಿಂತ ಹಾಗೆ ಕಾಣುವುದಿಲ್ಲ. ಹಳೆ ನಿಯಾನ್ ಟೆಸ್ಟರ್ ಹಿಡಿದು ನೋಡಿ.

ಆ ಕಾಲದಲ್ಲಿ ರೆಕಾರ್ಡಿನ ಗ್ರೂವ್ ಕೊರೆಯುವಾಗ ತಗ್ಗು ಸದ್ದು, ಮೇಲಿನ ಸದ್ದು ಎಷ್ಟೆಷ್ಟು ಅನ್ನುವುದಕ್ಕೆ ಎಲ್ಲರಿಗೂ ಒಂದೇ ಲೆಕ್ಕ ಇರಲಿಲ್ಲ. ಈಗ ನಾವು ಬಳಸುವ ಲೆಕ್ಕ ಬಂದದ್ದು 1954ರ ಹೊತ್ತಿಗೆ. ಹಾಗಾಗಿ ಕಿವಿಗೆ ಚುಚ್ಚಿದರೆ ಟ್ರೆಬಲ್ ಸ್ವಲ್ಪ ತಗ್ಗಿಸಿ, ತಪ್ಪೇನಿಲ್ಲ. 50 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಅಲ್ಲಿ ಮೋಟಾರಿನ ಗುರುಗುರು ಬಿಟ್ಟು ಹೆಚ್ಚೇನೂ ಇಲ್ಲ. ಒಂದರಿಂದ ನಾಲ್ಕು ಸಾವಿರ ಹರ್ಟ್ಸ್ ನಡುವೆ ಮಾತ್ರ ಕೈ ಹಾಕಬೇಡಿ. ವ್ಯಂಜನಗಳು ಸ್ಪಷ್ಟವಾಗುವುದು ಅಲ್ಲೇ.

ಹೆಡ್‌ಫೋನ್ ಬೇಡ. ಮೋನೊ ಸದ್ದು ತಲೆಯ ನಟ್ಟನಡುವೆ ಬಂದು ಕೂತು ಬೇಗ ದಣಿಸುತ್ತದೆ. ಒಂದೇ ಸ್ಪೀಕರ್ ಎದುರಿಗೆ ಇಟ್ಟುಕೊಳ್ಳಿ. ಎದುರು ಕೂತವರು ಮಾತಾಡುವಷ್ಟು ಸದ್ದು ಸಾಕು. ಒಪೆರಾ ಅಂದ ಕೂಡಲೇ ವಾಲ್ಯೂಮ್ ಏರಿಸಬೇಡಿ.

ಎಲ್‌ಪಿ ಸೆಟ್ ಕೊಂಡವರಿಗೆ ಇನ್ನೊಂದು ಮಾತು. ಆಗ ರೆಕಾರ್ಡ್ ಒಂದರ ಮೇಲೊಂದು ತಾನಾಗಿ ಬೀಳುವ ಯಂತ್ರಗಳಿದ್ದವು. ಅವಕ್ಕಾಗಿ ಎಷ್ಟೋ ಸೆಟ್‌ಗಳಲ್ಲಿ, ಅದರಲ್ಲೂ ಅಮೆರಿಕದವುಗಳಲ್ಲಿ, ಮೊದಲನೇ ಬದಿಯ ಹಿಂದೆ ಎರಡನೇ ಬದಿ ಇರುವುದಿಲ್ಲ, ಕೊನೆಯದು ಇರುತ್ತದೆ. ಲೇಬಲ್ ಮೇಲಿನ ಸಂಖ್ಯೆ ನೋಡದೆ ತಿರುಗಿಸಿ ಹಾಕಿದರೆ, ಯಾರು ಯಾರನ್ನು ಮದುವೆಯಾಗಬೇಕಿತ್ತು ಅಂತ ಗೊತ್ತಾಗುವ ಮೊದಲೇ ಮದುವೆ ಮುಗಿದಿರುತ್ತದೆ.

ಕಥೆ, ಮತ್ತೆ ದನಿಗಳ ಗುರುತು

ಕಥೆ ಮೊದಲೇ ತಿಳಿದಿರಲಿ. ಕಾಮಿಡಿಯಲ್ಲಿ ಮುಂದೇನು ಅನ್ನುವ ಕುತೂಹಲಕ್ಕಿಂತ, ಯಾರಿಗೆ ಏನು ಗೊತ್ತಿಲ್ಲ ಅನ್ನುವುದೇ ಮಜಾ.

1733. ಪೋಲೆಂಡಿನ ಗಾದಿಗೆ ಕಿತ್ತಾಟ. ಸ್ತನಿಸ್ಲಾವ್ ಲೆಶ್ಚಿನ್‌ಸ್ಕಿ ಗುಟ್ಟಾಗಿ ವಾರ್ಸಾಗೆ ಹೋಗಿ ದೊರೆಯಾಗಬೇಕು. ಶತ್ರುಗಳ ಕಣ್ಣು ತಪ್ಪಿಸಲು ಫ್ರಾನ್ಸಿನಲ್ಲಿ ಅವನ ವೇಷ ಹಾಕಿಕೊಂಡು ಇನ್ನೊಬ್ಬ ಓಡಾಡುತ್ತಿರುತ್ತಾನೆ. ಇದು ಬರೀ ಕಟ್ಟುಕಥೆ ಅಲ್ಲ. ಸ್ತನಿಸ್ಲಾವ್ ನಿಜವಾಗಿಯೂ ವೇಷ ಮರೆಸಿಕೊಂಡು ಜರ್ಮನಿಯ ದಾರಿಯಲ್ಲಿ ಹೋಗಿದ್ದ. ಇತ್ತ ಬ್ರೆಸ್ಟ್ ಬಂದರಿನಲ್ಲಿ ದ ಥಿಯಾಂಜ್ ಅನ್ನುವ ಅಧಿಕಾರಿ ದೊರೆಯ ಹಾಗೆ ಹಡಗು ಹತ್ತಿದ್ದ. ಇದನ್ನು ಫ್ರೆಂಚ್ ನಾಟಕಕಾರ ಪಿನ್ಯೂ ದ್ಯುವಾಲ್ 1808ರಲ್ಲಿ ನಾಟಕ ಮಾಡಿದ. ಫೆಲೀಚೆ ರೊಮಾನಿ ಅದರಿಂದ ಒಪೆರಾದ ಸಾಹಿತ್ಯ ಬರೆದ. ಅದು ವೆರ್ದಿಗಾಗಿ ಬರೆದದ್ದಲ್ಲ, 1818ರಲ್ಲಿ ಗಿರೊವೆಟ್ಸ್ ಅನ್ನುವ ಸಂಗೀತಗಾರನಿಗೆ ಬರೆದದ್ದು. ಲಾ ಸ್ಕಾಲಾವನ್ನು ನಡೆಸುತ್ತಿದ್ದ ಮೆರೆಲ್ಲಿ ಹಳೆ ಸಾಹಿತ್ಯಗಳ ಕಟ್ಟು ಕಳಿಸಿ ಒಂದನ್ನು ಆರಿಸು ಅಂದ. ವೆರ್ದಿಗೆ ಒಂದೂ ಹಿಡಿಸಲಿಲ್ಲ. ಟೈಮ್ ಇಲ್ಲದೆ ಇದ್ದುದರಲ್ಲಿ ಇದು ವಾಸಿ ಅಂತ ತೆಗೆದುಕೊಂಡರು.

ಒಪೆರಾದಲ್ಲಿ ವೇಷದ ದೊರೆ ಬೆಲ್‌ಫ್ಯೋರೆ. ಅವನು ಬ್ರೆಸ್ಟ್ ಹತ್ತಿರ ಕೆಲ್ಬಾರ್ ಅನ್ನುವ ಬ್ಯಾರನ್ನನ ಮನೆಗೆ ಅತಿಥಿ. ಅಲ್ಲಿ ಎರಡು ಮದುವೆಯ ತಯಾರಿ. ಬ್ಯಾರನ್ನನ ಮಗಳು ಜುಲಿಯೆತ್ತಾಳನ್ನು ಹಣವಂತ ಮುದುಕ, ಖಜಾಂಚಿ ಲಾ ರೊಕ್ಕನಿಗೆ ಕೊಡುತ್ತಿದ್ದಾರೆ. ಅವಳ ಮನಸ್ಸು ಆ ಖಜಾಂಚಿಯ ಅಣ್ಣನ ಮಗ, ಬಡ ಎದ್ವಾರ್ದೊ ಮೇಲೆ. ಇನ್ನೊಂದು ಮದುವೆ ಬ್ಯಾರನ್ನನ ಸಂಬಂಧಿ, ಚಿಕ್ಕ ವಯಸ್ಸಿನ ವಿಧವೆ ಮಾರ್ಕೇಸಾಳದು. ಅವಳು ನಿಜಕ್ಕೂ ಪ್ರೀತಿಸುವುದು ಬೆಲ್‌ಫ್ಯೋರೆಯನ್ನು. ಅವನೇ ಅಂತ ಗುರುತೂ ಹಿಡಿಯುತ್ತಾಳೆ. ಅವನು ಒಪ್ಪಿಕೊಳ್ಳುವ ಹಾಗಿಲ್ಲ. ದೊರೆಯ ವೇಷದಲ್ಲಿರುವ ತನಕ ಎಲ್ಲರಿಗೂ ಅಪ್ಪಣೆ ಕೊಡಬಹುದು, ತನ್ನ ಹುಡುಗಿಗೆ ಮಾತ್ರ ನಿಜ ಹೇಳುವ ಹಾಗಿಲ್ಲ. ಈ ಒಂದು ಗಂಟು ಹಿಡಿದರೆ ಕಥೆ ಕೈಗೆ ಬಂದ ಹಾಗೆ.

ಸದ್ದಿನಲ್ಲಿ ಮಾತ್ರ ಕೇಳುವವರಿಗೆ ನಿಜವಾದ ಕಷ್ಟ ಬೇರೆ. ತಗ್ಗಿನ ಗಂಡು ದನಿಗಳು ಮೂರಿವೆ: ಬೆಲ್‌ಫ್ಯೋರೆ, ಬ್ಯಾರನ್, ಖಜಾಂಚಿ. ಕಣ್ಣಿಗೆ ಯಾರೂ ಕಾಣುವುದಿಲ್ಲ. ನನ್ನ ಉಪಾಯ ಇದು: ಕರೆಯುವ ಮಾತನ್ನು ಹಿಡಿಯಿರಿ. ‘ಮಾಯೆಸ್ತಾ’ ಅಂದರೆ ಮಹಾಪ್ರಭು, ಅದು ಬೆಲ್‌ಫ್ಯೋರೆಗೆ. ‘ಜೆನೆರೊ’ ಅಂದರೆ ಅಳಿಯ. ಹಾಗೆ ಕರೆಯುವವನು ಬ್ಯಾರನ್, ಕರೆಸಿಕೊಳ್ಳುವವನು ಖಜಾಂಚಿ. ‘ತ್ಸೀಯೊ’ ಅಂದರೆ ಚಿಕ್ಕಪ್ಪ, ಮಾವ ಎರಡೂ. ಎದ್ವಾರ್ದೊ ಹಾಗಂದರೆ ಖಜಾಂಚಿಗೆ. ಇಷ್ಟನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಎದುರಿಗಿಟ್ಟುಕೊಳ್ಳಿ. ಪೂರ್ತಿ ಸಾಹಿತ್ಯದ ಹಳೆ ಮುದ್ರಿತ ಪುಸ್ತಕ, ಪಿಯಾನೊ ಸ್ಕೋರು ಎಲ್ಲ ಅಂತರ್ಜಾಲದಲ್ಲಿ ಉಚಿತ. ಆದರೆ ಅಕ್ಷರ ಅಕ್ಷರ ಹಿಂಬಾಲಿಸುತ್ತ ಕೂರಬೇಡಿ. ಈ ಮುದ್ರಣದಲ್ಲಿ ಅಲ್ಲಲ್ಲಿ ಕತ್ತರಿ ಬಿದ್ದಿದೆ. ಇದ್ದಕ್ಕಿದ್ದ ಹಾಗೆ ಸಾಲುಗಳು ಹಾರಿಹೋಗಿ ನೀವು ಎಲ್ಲೋ, ಹಾಡು ಎಲ್ಲೋ ಆಗುತ್ತದೆ.

ಹಾಡುಗಾರರ ವಯಸ್ಸು ತಿಳಿದುಕೊಂಡರೆ ಇನ್ನೂ ಮಜಾ. ಸಿಡಿಮಿಡಿ ಮುದುಕ ಬ್ಯಾರನ್ ಆಗಿ ಹಾಡಿದ ಸೆಸ್ತೊ ಬ್ರುಸ್ಕಂತೀನಿಗೆ ಆಗ ಸುಮಾರು 31. ದೊರೆ ವೇಷದ ರೆನಾತೊ ಕಪೆಕ್ಕಿ 27ರ ಆಸುಪಾಸು, ಕೈರೊದಲ್ಲಿ ಹುಟ್ಟಿದವರು. ಖಜಾಂಚಿ ಕ್ರಿಸ್ತಿಯಾನೊ ದಲಮಂಗಾಸ್, ಗ್ರೀಕರು. ಎದ್ವಾರ್ದೊ ಆಗಿ ಬಾರ್ಸಿಲೋನಾದ ಹುವಾನ್ ಒನ್ಸೀನಾ. ಜುಲಿಯೆತ್ತಾ ಆಗಿ ಲೌರಾ ಕೊಟ್ಸಿ. ಬ್ರುಸ್ಕಂತೀನಿ, ಒನ್ಸೀನಾ ಇಬ್ಬರೂ ಮರುವರ್ಷವೇ ಇಂಗ್ಲೆಂಡಿನ ಗ್ಲೈಂಡ್‌ಬೋರ್ನಿನಲ್ಲಿ ರೊಸ್ಸಿನಿಯ ‘ಚೆನೆರೆಂತೊಲಾ’ದಲ್ಲಿ ಹಾಡಿದರು. ನಗಿಸುವುದು ಇವರ ಕಸುಬು. 1840ರಲ್ಲಿ ವೆರ್ದಿಗೆ ಇಂಥವರು ಸಿಗಲಿಲ್ಲ. ಆ ಸೀಸನ್‌ನಲ್ಲಿ ಲಾ ಸ್ಕಾಲಾ ಕೂಡಿಸಿದ್ದವರು ಗಂಭೀರ ಒಪೆರಾದ ಹಾಡುಗಾರರು.

ಕೇಳುವ ಕ್ರಮ

ಈಗ ಮುದುಕರ ಜಗಳಕ್ಕೆ ಬನ್ನಿ. ಮೊದಲ ಅಂಕದ ಕೊನೆಯ ಕಡೆ ‘ದಿಲೆತ್ತೊ ಜೆನೆರೊ’ ಅಂತ ಶುರುವಾಗುವ ಜೋಡಿ ಹಾಡು. ಬ್ಯಾರನ್ ಮದುವೆಯ ಕರಾರುಪತ್ರದ ಮಾತೆತ್ತಿಕೊಂಡು ನಗುನಗುತ್ತ ಬರುತ್ತಾನೆ, ಪ್ರೀತಿಯ ಅಳಿಯಾ ಅಂತ. ಅಷ್ಟರಲ್ಲಿ ವೇಷದ ದೊರೆ ಖಜಾಂಚಿಗೆ ಪೋಲೆಂಡಿನ ರಾಜಕುಮಾರಿಯನ್ನೂ ಮಂತ್ರಿ ಪದವಿಯನ್ನೂ ಕೊಡುತ್ತೇನೆ ಅಂತ ಆಸೆ ಹುಟ್ಟಿಸಿದ್ದಾನೆ. ಹಾಗಾಗಿ ಖಜಾಂಚಿ, ನಿಮ್ಮ ಮಗಳು ಬೇಡ ಅನ್ನಬೇಕು. ಅದನ್ನು ಹೇಗೆ ಹೇಳುವುದು ಅಂತ ತೊದಲುತ್ತಾನೆ. ಬ್ಯಾರನ್ನನಿಗೆ ಮೊದಲು ಅರ್ಥವಾಗುವುದಿಲ್ಲ, ಆಮೇಲೆ ಆಗುತ್ತದೆ, ಆಮೇಲೆ ಬೆಂಕಿ. ಇಲ್ಲಿ ಒಬ್ಬರ ಮಾತಿನ ಬಾಲವನ್ನು ಇನ್ನೊಬ್ಬರು ತುಳಿಯುತ್ತಾರೆ. ಇಬ್ಬರೂ ಒಟ್ಟಿಗೆ ಪಟಪಟ ಉದುರಿಸುವಾಗಲೂ ಬ್ರುಸ್ಕಂತೀನಿಯ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ರೇಡಿಯೊ ಕಲಾವಿದರಿಗೆ ನಾವು ಇದನ್ನೇ ಹೇಳಿ ಹೇಳಿ ಸಾಕಾಗುತ್ತಿದ್ದೆವು: ಕೋಪ ಬಂದಾಗ ಕಿರುಚಬೇಡಿ, ಅಕ್ಷರ ಕಚ್ಚಿ ಹೇಳಿ ಅಂತ.

ನಾನು ಇದನ್ನು ಹಾಕಿದ್ದಾಗ ಮೊಮ್ಮಗಳು ಬಾಗಿಲಲ್ಲಿ ನಿಂತು, “ತಾತಾ, ಇವ್ರು ಜಗಳ ಆಡ್ತಿದಾರಾ, ಹಾಡ್ತಿದಾರಾ?” ಅಂತ ಕೇಳಿದಳು.

“ಎರಡೂ ಕಣಮ್ಮಾ. ಕೂತ್ಕೊ.”

ಕೂತಳು. ಭಾಷೆ ಗೊತ್ತಿಲ್ಲದವಳಿಗೂ ಯಾರು ಕೇಳುತ್ತಿದ್ದಾರೆ, ಯಾರು ನುಣುಚಿಕೊಳ್ಳುತ್ತಿದ್ದಾರೆ ಅಂತ ಗೊತ್ತಾಯಿತು. ನಡುವಿನಿಂದ ಶುರು ಮಾಡಿ ಅಂದದ್ದು ಇದಕ್ಕೇ. ಮೊದಲಿಂದ ಕೇಳಿದರೆ ಓವರ್ಚರ್ (ಶುರುವಿನ ವಾದ್ಯಸಂಗೀತ), ಕೋರಸ್, ದೊರೆಯ ಪ್ರವೇಶ, ಒಂದಾದ ಮೇಲೊಂದು ಹಾಡು, ಅರ್ಧ ಗಂಟೆ ಹೋದರೂ ಇದು ಯಾಕೆ ನಗೆಯ ಒಪೆರಾ ಅಂತ ಗೊತ್ತಾಗುವುದಿಲ್ಲ. ಜಗಳದಿಂದ ಶುರು ಮಾಡಿ, ಹಾಗೇ ಅಂಕದ ಕೊನೆವರೆಗೂ ಬಿಡಿ. ಗಲಾಟೆಗೆ ಎಲ್ಲರೂ ಓಡಿ ಬರುತ್ತಾರೆ, ದೊರೆಯೂ ಬರುತ್ತಾನೆ. ತಕ್ಷಣ ಎಲ್ಲರೂ ಸಭ್ಯರು.

ಎರಡನೇ ಸಲಕ್ಕೆ ಸ್ವಲ್ಪ ಹಿಂದೆ ಹೋಗಿ, ‘ಕಾರಾ ಜೂಲಿಯಾ’ ಅನ್ನುವ ಕಡೆಗೆ. ದೊರೆ ಇಬ್ಬರು ಮುದುಕರನ್ನು ಒಂದು ಮೂಲೆಗೆ ಎಳೆದುಕೊಂಡು ರಾಜ್ಯದ ಮಾತು, ಯುದ್ಧದ ಮಾತು ತೆಗೆಯುತ್ತಾನೆ. ಇನ್ನೊಂದು ಮೂಲೆಯಲ್ಲಿ ಎದ್ವಾರ್ದೊ, ಜುಲಿಯೆತ್ತಾ ಪಿಸುಗುಟ್ಟುತ್ತಾರೆ. ಮುದುಕರಿಗೆ ಅದು ಕಾಣುತ್ತಿದೆ, ಆದರೆ ದೊರೆ ಮಾತಾಡುವಾಗ ಎದ್ದು ಹೋಗುವುದು ಹೇಗೆ? ವೆರ್ದಿ ಎರಡು ಮಾತುಕತೆಯನ್ನೂ ಒಂದೇ ಸಂಗೀತದಲ್ಲಿ ಹೆಣೆದಿದ್ದಾರೆ. ಮೋನೊದಲ್ಲಿ ಎಡ ಬಲ ಇಲ್ಲ ನಿಜ. ಅದಕ್ಕೆ ಹತ್ತಿರ ದೂರ ಗಮನಿಸಿ. ಇದರ ನಂತರ ಬರುವ ‘ನೋಯ್ ಸ್ಯಾಮೊ ಅಮಾಂತಿ ಎ ಜೋವನಿ’ ಮೂವರ ಹಾಡು. ನಾವು ಪ್ರೇಮಿಗಳು, ಚಿಕ್ಕವರು ಅಂತ. ಇಡೀ ಒಪೆರಾದಲ್ಲಿ ನನಗೆ ಬಹಳ ಇಷ್ಟವಾದದ್ದು ಇದು.

ಮೂರನೇ ಸಲ ಎರಡನೇ ಅಂಕದ ‘ತುತ್ತೆ ಲಾರ್ಮೆ’. ಮುದುಕರ ಜಗಳ ಈಗ ದ್ವಂದ್ವಯುದ್ಧದವರೆಗೆ ಬಂದಿದೆ. ಆಯುಧ ಆರಿಸುವ ಹಕ್ಕು ಖಜಾಂಚಿಯದು. ಅವನು ಕೇಳುವುದು ಮದ್ದಿನ ಪೀಪಾಯಿ! ಅದರ ಮೇಲೆ ಕೂತು ಬೆಂಕಿ ಹಚ್ಚಬೇಕಂತೆ. ಇದಕ್ಕೆ ವಿವರಣೆ ಬೇಡ.

ಮಾರ್ಕೇಸಾಳ ಮೊದಲ ಹಾಡು ‘ಗ್ರಾವೆ ಆ ಕೋರೆ ಇನ್ನಾಮೊರಾತೊ’ಗೆ ಬೇರೆ ಸಂಜೆ ಇಟ್ಟುಕೊಳ್ಳಿ. ಹಾಡಿದವರು ಲೀನಾ ಪಲ್ಯೂಗಿ. ನ್ಯೂಯಾರ್ಕಿನಲ್ಲಿ ಹುಟ್ಟಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳೆದು, ಇಟಲಿಗೆ ಬಂದು ನಿಂತವರು. ದೊಡ್ಡ ಹಾಡುಗಾರ್ತಿ ಟೆಟ್ರಾಟ್ಸಿನಿ ಅವರಿಗೆ ಬೆನ್ನೆಲುಬಾಗಿದ್ದರು. 1927ರಲ್ಲಿ, ಇಪ್ಪತ್ತರ ವಯಸ್ಸಿಗೇ, ಪೂರ್ತಿ ‘ರಿಗೊಲೆತ್ತೊ’ ಮುದ್ರಣದಲ್ಲಿ ಜಿಲ್ದಾ ಪಾತ್ರ ಹಾಡಿದ್ದರು. ಇಲ್ಲಿ ಅವರಿಗೆ 44ರ ಹತ್ತಿರ. ಮೇಲಿನ ಸ್ವರಗಳಲ್ಲಿ ಅಲ್ಲಲ್ಲಿ ವಯಸ್ಸು ಇಣುಕುತ್ತದೆ ಅಂತ ನನಗೆ ಅನ್ನಿಸಿದೆ. ಆದರೆ ಮೈಕಿನ ಜೊತೆ ಹಳೆ ಸ್ನೇಹ. ದನಿ ಎತ್ತುವ ಬದಲು ಇಳಿಸಿ ಕೇಳುಗರನ್ನು ಹತ್ತಿರ ಕರೆಯುತ್ತಾರೆ. ಹಿಂದೆಯೇ ಬರುವ ‘ಸೆ ದೆ ಕದೆರ್ ಲಾ ವೇದೊವಾ’ದಲ್ಲಿ, ವಿಧವೆ ಮತ್ತೆ ಮದುವೆಯ ಬಲೆಗೆ ಬೀಳುವುದಾದರೆ ಗಂಡು ಮುದುಕನಂತೂ ಆಗಬಾರದು ಅನ್ನುವ ತುಂಟತನ ಅವರ ದನಿಯಲ್ಲಿ ಪೂರ್ತಿ ಇದೆ.

ಇಷ್ಟಾದ ಮೇಲೆ ಓವರ್ಚರಿನಿಂದ ಕೊನೆವರೆಗೂ ಒಂದೇ ಸಲ ಕೇಳಿ. ಆಗ ಗೊತ್ತಾಗುತ್ತದೆ, ಇದರಲ್ಲಿ ವೆರ್ದಿಗಿಂತ ಹಿರಿಯ ಸಂಗೀತಗಾರರಾದ ರೊಸ್ಸಿನಿ ಎಷ್ಟು, ದೊನಿಜೆತ್ತಿ ಎಷ್ಟು ಅಂತ. ಸಾಲ ದೊಡ್ಡದೇ. ಆದರೆ ಹಾಡಿನ ಕೊನೆಯಲ್ಲಿ ವೇಗ ಏರಿದಾಗ ಕೆಳಗಿನಿಂದ ಒಂದು ಗುದ್ದು ಬರುತ್ತದೆ. ಹಿತ್ತಾಳೆ ವಾದ್ಯಗಳು ಕಾಲು ಊರಿ ನಿಂತಂತೆ. ಅದು ರೊಸ್ಸಿನಿಯದಲ್ಲ. ಒಂದೂವರೆ ವರ್ಷದ ಮೇಲೆ, 1842ರ ಮಾರ್ಚಿನಲ್ಲಿ, ‘ನಬುಕ್ಕೊ’ದಲ್ಲಿ ಮಿಲಾನಿನವರು ಎದ್ದು ನಿಂತು ಮೆಚ್ಚಿದ ವೆರ್ದಿ ಅದೇ. ಬೇಜಾರಾಗುವ ಜಾಗಗಳೂ ಇವೆ. ಹಾಡಿನ ನಡುವೆ ಕೀಬೋರ್ಡ್ ವಾದ್ಯದ ಜೊತೆ ಮಾತಿನ ಹಾಗೆ ಸಾಗುವ ತುಣುಕುಗಳು ಹಳೆ ಕಾಲದ ರೂಢಿ. ಕೆಲವು ಬರೀ ಸುದ್ದಿ ಮುಟ್ಟಿಸುತ್ತವೆ. ಸೇವಕರ ಕೋರಸ್ ಕೂಡ ಹಾಗೇ. ಹಾರಿಸಿ, ಪಾಪ ಬರುವುದಿಲ್ಲ. ಎದ್ವಾರ್ದೊನ ‘ಪ್ಯೆತೋಸೊ ಅಲ್ ಲುಂಗೊ ಪ್ಯಾಂತೊ’ ಮಾತ್ರ ಹಾರಿಸಬೇಡಿ.

ದುಃಖದ ಕಥೆಯನ್ನು ಆಮೇಲೆ ಓದಿ

ಈ ಒಪೆರಾ ಬಗ್ಗೆ ಎಲ್ಲಿ ಓದಿದರೂ ಮೊದಲ ಸಾಲಿನಲ್ಲೇ ಒಂದು ಕಥೆ ಸಿಗುತ್ತದೆ: ಹೆಂಡತಿ ಮಕ್ಕಳು ಸತ್ತ ದುಃಖದಲ್ಲಿ ಬರೆದ ನಗೆನಾಟಕ, ಹಾಗಾಗಿ ಸೋತಿತು ಅಂತ. ಅದನ್ನು ಮೊದಲೇ ಓದಿದರೆ ಕಿವಿ ಕೆಡುತ್ತದೆ. ಪ್ರತಿ ನಗುವಿನ ಹಿಂದೆ ಅಳು ಹುಡುಕಲು ಶುರು ಮಾಡುತ್ತೀರಿ. ಒಪೆರಾದಲ್ಲಿ ಅದು ಇಲ್ಲ.

ದುಃಖ ಸುಳ್ಳಲ್ಲ. ಮಗಳು ವಿರ್ಜೀನಿಯಾ 1838ರ ಆಗಸ್ಟಿನಲ್ಲಿ, ಮಗ ಇಚೀಲಿಯೊ 1839ರ ಅಕ್ಟೋಬರಿನಲ್ಲಿ, ಹೆಂಡತಿ ಮಾರ್ಗೆರೀತಾ 1840ರ ಜೂನ್ 18ರಂದು ತೀರಿಕೊಂಡರು. ವಯಸ್ಸಾದ ಮೇಲೆ 1879ರಲ್ಲಿ ನೆನೆಯುವಾಗ ವೆರ್ದಿ ಮೂರು ಸಾವನ್ನೂ ಎರಡೇ ತಿಂಗಳಿಗೆ ಇಳಿಸಿ ಹೇಳಿದರು. ನೆನಪು ಹಾಗೇ ಅಲ್ವಾ. ಹೆಂಡತಿ ಹೋದ ಮೇಲೆ ಕೆಲಸ ಬಿಟ್ಟುಬಿಡುತ್ತೇನೆ ಅಂದರೂ ಕರಾರು ಬಿಡಲಿಲ್ಲ. ಅವರು ಆ ರಾತ್ರಿಯನ್ನು ಮರೆಯಲೂ ಇಲ್ಲ. 1859ರಲ್ಲಿ ಒಂದು ಪತ್ರದಲ್ಲಿ ಬರೆದರು: ಜನ ಚಪ್ಪಾಳೆ ತಟ್ಟುವುದು ಬೇಡ, ಸುಮ್ನೆ ಕೂತು ಸಹಿಸಿಕೊಂಡಿದ್ದರೂ ಅವರಿಗೆ ಧನ್ಯವಾದ ಹೇಳಲು ತನಗೆ ಮಾತು ಸಾಲುತ್ತಿರಲಿಲ್ಲ ಅಂತ.

ಆದರೆ ಇದೇ ಒಪೆರಾ 1845ರಲ್ಲಿ ವೆನಿಸ್‌ನಲ್ಲಿ ‘ಇಲ್ ಫಿಂತೊ ಸ್ತನಿಸ್ಲಾವೊ’ ಹೆಸರಿನಲ್ಲಿ ಬಂದಾಗ ಜನ ಮೆಚ್ಚಿದರು. ಆಮೇಲೆ ರೋಮ್, ನೇಪಲ್ಸ್‌ನಲ್ಲೂ ಆಡಿದರು. ಸಂಗೀತ ಅದೇ, ಸಾವುಗಳೂ ಅವೇ. ಹಾಗಾದರೆ ಮಿಲಾನಿನಲ್ಲಿ ಸೋತದ್ದಕ್ಕೆ ಹಾಡುಗಾರರ ಪಾಲೂ ಇದೆ ಅನ್ನುವುದು ನನ್ನ ಲೆಕ್ಕ. ಬ್ರುಸ್ಕಂತೀನಿಯ ಜಗಳ ಕೇಳಿದ ಮೇಲೆ ನೀವೂ ಹಾಗೇ ಅನ್ನಬಹುದು.

ಇಲ್ಲಿವರೆಗೆ ಬಂದವರು 1973ರ ಫಿಲಿಪ್ಸ್ ಮುದ್ರಣ ತೆಗೆಯಬಹುದು. ಲಂಬೆರ್ತೊ ಗಾರ್ದೆಲ್ಲಿ ನಡೆಸಿದ್ದು. ಸ್ಟೀರಿಯೊ, ಸದ್ದು ಸ್ವಚ್ಛ, ಕತ್ತರಿ ಇಲ್ಲ. ಎದ್ವಾರ್ದೊ ಆಗಿ ಹರೆಯದ ಹೊಸೆ ಕರೇರಾಸ್, ಒನ್ಸೀನಾಗಿಂತ ಹೆಚ್ಚು ಸಿಹಿ. ಜುಲಿಯೆತ್ತಾ ಆಗಿ ಜೆಸ್ಸಿ ನಾರ್ಮನ್. ಅವರಿಗಾಗ ಇನ್ನೂ ಮೂವತ್ತಾಗಿರಲಿಲ್ಲ, ಆದರೂ ದನಿ ಮಹಾರಾಣಿಯದು. ಎದುರು ನಿಂತವನು ವೇಷದ ದೊರೆ ಅಂತ ಗೊತ್ತಾದರೆ ಅವರೇ ಗಾದಿ ಕಿತ್ತುಕೊಂಡಾರು. ಮಾರ್ಕೇಸಾ ಆಗಿ ಫಿಯೊರೆಂತ್ಸಾ ಕೊಸ್ಸೊತ್ತೊ. ಆದರೆ ತುಂಟ ವಿಧವೆ ಬೇಕಾದರೆ ನಾನು ಪಲ್ಯೂಗಿ ಹತ್ತಿರ ವಾಪಸ್ ಬರುತ್ತೇನೆ. ಕಣ್ಣಲ್ಲೂ ನೋಡಬೇಕು ಅನ್ನುವವರಿಗೆ ಪಾರ್ಮಾದ ತೆಯಾತ್ರೊ ರೆಜೊದ 2010ರ ಪ್ರದರ್ಶನದ ಡಿ.ವಿ.ಡಿ. ಇದೆ. ದೊನಾತೊ ರೆಂಜೆತ್ತಿ ನಡೆಸಿದ್ದು, ಮಾರ್ಕೇಸಾ ಆಗಿ ಆನ್ನಾ ಕತೆರೀನಾ ಅಂತೊನಾಚ್ಚಿ.

ಎಲ್‌ಪಿ ನಿಮ್ಮದಾಗಿದ್ದರೆ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಿ. ಮೊದಲು ಮೆತ್ತನೆ ಬ್ರಶ್‌ನಲ್ಲಿ ಗ್ರೂವಿನ ಉದ್ದಕ್ಕೂ ಒರೆಸಿ, ಲೇಬಲ್‌ಗೆ ನೀರು ತಾಗದ ಹಾಗೆ. ಇಳಿಸುವಾಗ ಮಾತ್ರ ಮೋನೊ ಬಟನ್ ಒತ್ತಬೇಡಿ. ಎಡ ಬಲ ಎರಡನ್ನೂ ಬೇರೆ ಬೇರೆಯಾಗಿ, 24 ಬಿಟ್‌ನಲ್ಲಿ, ಏನೂ ತಿದ್ದದೆ ಇಳಿಸಿ. ಗ್ರೂವಿನ ಒಂದು ಗೋಡೆ ಸವೆದಿದ್ದರೆ ಇನ್ನೊಂದು ಗೋಡೆಯ ಸದ್ದು ಚೆನ್ನಾಗಿರುತ್ತದೆ, ಆಗ ಅದೊಂದನ್ನೇ ತೆಗೆದುಕೊಳ್ಳಬಹುದು. ಆಮೇಲೆ ಆ ಫೈಲಿನ ನಕಲು ಮಾಡಿ, ನಕಲಿನಲ್ಲಿ ಮೋನೊ ಮಾಡಿ, ಬೇಕಾದ್ದು ತಿದ್ದಿ. ಮೂಲ ಫೈಲಿಗೆ ಯಾವ ಬದಿ, ಯಾವ ಸೂಜಿ, ಯಾವತ್ತು ಇಳಿಸಿದ್ದು ಅಂತ ಹೆಸರಲ್ಲೇ ಬರೆದಿಡಿ. ರೆಕಾರ್ಡನ್ನು ನೆಟ್ಟಗೆ ನಿಲ್ಲಿಸಿ ಇಡಿ, ಬಿಸಿಲು ಬೀಳುವ ಕಿಟಕಿ ಹತ್ತಿರ ಬೇಡ.